ಮೂರು ದಾರಿ ಕೂಡುವಲ್ಲಿ: ಹುಬ್ಬಳ್ಳಿ ಜಂಕ್ಷನ್ನಿನ ಇತಿವೃತ್ತ

ಹುಬ್ಬಳ್ಳಿಯ ರೈಲು ನಿಲ್ದಾಣವನ್ನು ಕುರಿತು ಇಂದು ಯಾರನ್ನು ಕೇಳಿದರೂ ಮೊದಲು ದೊರೆಯುವ ಉತ್ತರ ಅದರ ಎಂಟನೆಯ ಪ್ಲಾಟ್‌ಫಾರಂನ ಉದ್ದವನ್ನು ಕುರಿತದ್ದು: 1,507 ಮೀಟರು, ಗೋರಖಪುರಕ್ಕೆ ಸಂದಿದ್ದ 1,366 ಮೀಟರಿನ ಹಿರಿಮೆಯನ್ನು ಹಿಂದಿಕ್ಕಿ, ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ದೀರ್ಘ ಪ್ಲಾಟ್‌ಫಾರಂ ಎಂದು ಸೇರಿ, 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳಿಂದ ಲೋಕಾರ್ಪಣಗೊಂಡುದು. ಈ ಕೀರ್ತಿಯಲ್ಲಿ ಊರಿನವರು ಹಿಗ್ಗುವುದು ಸಹಜವೇ ಸರಿ. ಆದರೆ ಆ ಪ್ಲಾಟ್‌ಫಾರಂನ ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟುಮೂಟೆ ಹೊತ್ತು ನಡೆದ ಪ್ರಯಾಣಿಕನ ಅಭಿಪ್ರಾಯವು ದಾಖಲೆಯ ಪುಸ್ತಕದ ಅಭಿಪ್ರಾಯಕ್ಕಿಂತ ಸ್ವಲ್ಪ ಭಿನ್ನವಾಗಿರಬಹುದು, ಅದಿರಲಿ. ಗದಗಿನಿಂದ ಬರುವ ಹಳಿ, ಧಾರವಾಡ-ಲೋಂಡಾಗಳ ಕಡೆಯಿಂದ ಬರುವ ಹಳಿ, ಹರಿಹರದ ದಿಕ್ಕಿನಿಂದ ಬರುವ ಹಳಿ, ಈ ಮೂರೂ ಇಲ್ಲಿಯೇ ಏಕೆ ಕೂಡಿದುವು, ಕೂಡಿದ ಮೇಲೆ ಈ ಊರನ್ನು ಏನು ಮಾಡಿದುವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ರೈಲು ಬರುವುದಕ್ಕೆ ಮುಂಚೆ ಹುಬ್ಬಳ್ಳಿಯ ಮುಖವು ಕಡಲಿನ ಕಡೆಗಿತ್ತು. ಕಪ್ಪು ಮಣ್ಣಿನ ಈ ಬಯಲುಸೀಮೆಯಲ್ಲಿ ಬೆಳೆದ ಅರಳೆಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸಾಗುತ್ತಿದ್ದುದರಿಂದಲೇ ಧಾರವಾಡ ಸೀಮೆಯ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹೆಸರು ಅಂಟಿಕೊಂಡಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾಗಿ, ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ದುರ್ಲಭವಾದಾಗ, ಇಲ್ಲಿಯ ಬೆಲೆಯು ಗಗನಕ್ಕೇರಿತು. ಅದರೊಡನೆ ಘಟ್ಟದ ರಸ್ತೆಗಳ ದುರವಸ್ಥೆಯೂ ಆಂಗ್ಲ ವಣಿಕರ ಕಣ್ಣಿಗೆ ಬಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಅರಳೆಯ ವ್ಯಾಪಾರವೂ ಕಾರವಾರದ ಬಂದರಿನ ಮೇಲಿಟ್ಟ ಆಶೆಯೂ ಮುಖ್ಯ ಕಾರಣಗಳಾದುವು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕಬೇಕೆಂಬ ಯೋಜನೆಯೂ ಆ ಕಾಲದಲ್ಲಿಯೇ ಹುಟ್ಟಿ, ಕಾಗದದ ಮೇಲೆ ಬಹುಕಾಲ ಬಾಳಿತು. ಅದು ಹಳಿಯ ಮೇಲೆ ಬಾರದೇ ಹೋದ ಕಥೆಯನ್ನು ಮುಂದೆ ಹೇಳಬೇಕಾಗುವುದು.

ಕೊನೆಗೆ ಈ ಸೀಮೆಗೆ ರೈಲನ್ನು ತಂದುದು ಅರಳೆಯಲ್ಲ, ಬರ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರ ವರೆಗೆ, ದಕ್ಷಿಣಾಪಥವನ್ನೆಲ್ಲ ಆವರಿಸಿದ ಕ್ಷಾಮದಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿಯೇ ಅತಿಶಯವಾಗಿ ಬಳಲಿದುವು. ಧಾನ್ಯವು ಎಲ್ಲಿಯೂ ಇಲ್ಲದಿರಲಿಲ್ಲ; ಕರಾವಳಿಯ ಬಂದರುಗಳಿಗೂ ದೂರದ ರೈಲು ನಿಲ್ದಾಣಗಳಿಗೂ ಅದು ಬಂದು ಬೀಳುತ್ತಿದ್ದರೂ, ಒಳನಾಡಿಗೆ ಅದನ್ನು ಎಳೆದು ತರಬೇಕಾದ ಎತ್ತುಗಳು ಮೇವಿಲ್ಲದೆ ಮನುಷ್ಯರಿಗಿಂತ ಮೊದಲೇ ಸತ್ತಿದ್ದುವು. ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ಸಲ್ಲಿಸಿದ ವರದಿಯಲ್ಲಿ, ಕ್ಷಾಮನಿವಾರಣೆಗಾಗಿಯೇ 5,000 ಮೈಲಿಗಳ ರೈಲುಮಾರ್ಗವನ್ನು ತ್ವರಿತವಾಗಿ ನಿರ್ಮಿಸಬೇಕೆಂದು ಸೂಚಿಸಿತು. ಆ ಸೂಚನೆಯ ಫಲವಾಗಿ 1882ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಸಂಸ್ಥೆಯೇ ಸದರನ್ ಮರಾಠಾ ರೈಲ್ವೆ ಕಂಪನಿ. ಲಾಭದ ಲೆಕ್ಕವನ್ನು ಮುಂದಿಟ್ಟುಕೊಂಡು ಹುಟ್ಟಿದ ಮುಂಬಯಿ, ಮದರಾಸುಗಳ ಹಿರಿಯ ಕಂಪನಿಗಳಿಗೂ ಇದಕ್ಕೂ ಇದ್ದ ಅಂತರವು ಹಳಿಯ ಅಗಲದಲ್ಲಿಯೇ ಕಾಣುತ್ತಿತ್ತು: ಅವುಗಳದು ಐದೂವರೆ ಅಡಿಯ ಬ್ರಾಡ್ ಗೇಜ್, ಇದರದು ಮೇಯೋ ಪ್ರಭುವಿನ ಕಾಲದಲ್ಲಿ ಮಿತವ್ಯಯಕ್ಕಾಗಿ ಅಂಗೀಕೃತವಾದ ಮೀಟರ್ ಗೇಜ್. ಬರಗಾಲದ ರೈಲಿಗೆ ಕಿರಿದಾದ ಹಳಿ ಸಾಕೆಂಬ ಆ ತೀರ್ಮಾನದ ಋಣವನ್ನು ಈ ನಾಡು ನೂರು ವರ್ಷಗಳಿಗೂ ಮಿಗಿಲಾಗಿ ತೀರಿಸಬೇಕಾಯಿತು.

ಕಂಪನಿಯ ಮುಖ್ಯ ಕಚೇರಿಯು ಧಾರವಾಡದಲ್ಲಿ ನೆಲೆಗೊಂಡಿತು. ಸೊಲ್ಲಾಪುರದ ಬಳಿಯ ಹೊಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಬಂದ ಮಾರ್ಗವು 1884ರಲ್ಲಿ ತೆರೆಯಿತು. ಬಳ್ಳಾರಿಯಿಂದ ಬಂದ ಮಾರ್ಗವೂ ಗದಗಿನಲ್ಲಿಯೇ ಅದನ್ನು ಸೇರಿತು. ಗದಗಿನಿಂದ ಪಶ್ಚಿಮಕ್ಕೆ ಹೊರಟ ಹಳಿಯು ಹುಬ್ಬಳ್ಳಿಯನ್ನು ಹೊಕ್ಕು, ಧಾರವಾಡವನ್ನು ದಾಟಿ, ಲೋಂಡಾದ ಕಾಡುಗಳ ಕಡೆಗೆ ನಡೆಯಿತು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಒಡೆದ ಕವಲು ತುಂಗಭದ್ರೆಯ ಕಡೆಗೆ ಸಾಗಿತು. ಅತ್ತ ಮೈಸೂರು ಸಂಸ್ಥಾನವೂ ಅದೇ ಕ್ಷಾಮದ ಪಾಠವನ್ನು ಕಲಿತು, ಬೆಂಗಳೂರಿನಿಂದ ಮೈಸೂರಿಗೂ ತುಮಕೂರಿಗೂ ಸ್ವಂತ ಹಣದಲ್ಲಿ ಮೀಟರ್ ಗೇಜ್ ಹಳಿಯನ್ನು ಹಾಕಿಸಿ, 1886ರಲ್ಲಿ ಅದರ ಆಡಳಿತವನ್ನು ಈ ಕಂಪನಿಗೇ ಒಪ್ಪಿಸಿತ್ತು. ಗುಬ್ಬಿಯಿಂದ ಹರಿಹರದ ವರೆಗಿನ ಭಾಗವು 1889ರಲ್ಲಿ ಪೂರ್ಣವಾದಾಗ ಬೆಂಗಳೂರಿನ ಗಾಡಿಯು ಎಲ್ಲಿಯೂ ಹಳಿ ಬದಲಿಸದೆ ಹುಬ್ಬಳ್ಳಿಗೆ ಬರುವಂತಾಯಿತು. ಗದಗು ಕೂಡ ಜಂಕ್ಷನ್ನೇ, ಲೋಂಡಾ ಕೂಡ ಜಂಕ್ಷನ್ನೇ. ಆದರೆ ಮೈಸೂರು ಸೀಮೆಯ ದಾರಿಯೂ ಸೊಲ್ಲಾಪುರ-ಬಳ್ಳಾರಿಗಳ ದಾರಿಯೂ ಕಡಲಿಗಿಳಿಯುವ ಮುನ್ನ ಒಂದಾಗುವ ಜಾಗ ಹುಬ್ಬಳ್ಳಿಯೊಂದೇ. ಅರಳೆಯ ಪೇಟೆಯೂ ಇಲ್ಲಿಯೇ ಮೊದಲಿನಿಂದ ಇತ್ತು. ಕಚೇರಿಗೆ ಧಾರವಾಡದ ತಂಪು ಹವೆಯನ್ನು ಆರಿಸಿಕೊಂಡ ಕಂಪನಿಯು, ಎಂಜಿನ್ನು ಬೋಗಿಗಳನ್ನು ಸರಿಪಡಿಸುವ ಕಾರ್ಖಾನೆಗೆ 1885ರಲ್ಲಿ ಹುಬ್ಬಳ್ಳಿಯ ನೆಲವನ್ನು ಆರಿಸಿತು. ಈ ಎರಡು ಆಯ್ಕೆಗಳಲ್ಲಿ ಯಾವುದು ಹೆಚ್ಚು ಬಾಳಿತು ಎಂಬುದನ್ನು ಇತಿಹಾಸವು ಸ್ಪಷ್ಟವಾಗಿ ತೋರಿಸಿದೆ.

ಊರಿನ ಜನರು ಬರಿದೆ ವರ್ಕ್‌ಶಾಪು ಎಂದು ಕರೆಯುವ ಆ ಕಾರ್ಖಾನೆಯೇ ಈ ಜಂಕ್ಷನ್ನಿನ ಬೆನ್ನೆಲುಬೆಂದು ನನ್ನ ಅಭಿಮತ. ಕುಲುಮೆ, ಎರಕದ ಮನೆ, ಬಾಯ್ಲರು ರಿಪೇರಿಯ ಅಂಗಳ, ಲೇತುಗಳ ಸಾಲು, ಬಡಗಿಗಳ ಶಾಲೆ ಇವುಗಳಿಂದ ಕೂಡಿದ ಇಂಥ ಸ್ಥಳದಲ್ಲಿ ರೈತನ ಮಗನು ಮೊಟ್ಟಮೊದಲ ಬಾರಿಗೆ ಗಡಿಯಾರದ ಮುಳ್ಳನ್ನು ಅನುಸರಿಸಿ ದುಡಿಯುವುದನ್ನೂ, ಕೂದಲೆಳೆಯಷ್ಟು ಅಂತರವನ್ನು ಅಳೆದು ಕಬ್ಬಿಣವನ್ನು ಕಡೆಯುವುದನ್ನೂ, ತಿಂಗಳಿಗೊಮ್ಮೆ ಕೈಗೆ ಬರುವ ಸಂಬಳದ ಮೇಲೆ ಸಂಸಾರವನ್ನು ನಡೆಸುವುದನ್ನೂ ಕಲಿತನು. ಕನ್ನಡಿಗರೊಡನೆ ತೆಲುಗರು, ತಮಿಳರು, ಮರಾಠಿಗರು, ಉರ್ದು ಮಾತನಾಡುವ ಮುಸಲ್ಮಾನರು, ಗೋವೆಯ ಕೊಂಕಣಿ ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು ಒಂದೇ ಛಾವಣಿಯ ಕೆಳಗೆ ದುಡಿದು, ಕೇಶ್ವಾಪುರ ಮತ್ತು ಗದಗ ರಸ್ತೆಯ ಆಸುಪಾಸಿನಲ್ಲಿ ನೆಲೆಸಿದರು; ಹುಬ್ಬಳ್ಳಿಯ ಮಾತಿಗೆ ಈಗಲೂ ಇರುವ ಆ ಬಹುಭಾಷಾ ಸಲಿಗೆಯು ಅರಳೆಯ ಅಂಗಡಿಗಳಲ್ಲಿ ಅರ್ಧ ಹುಟ್ಟಿದ್ದರೆ ಉಳಿದರ್ಧ ಈ ವಸತಿಗಳಲ್ಲಿ ಹುಟ್ಟಿತು. ಬ್ರಾಡ್ ಗೇಜಿನ ಕೆಲಸಕ್ಕೆ ಮದರಾಸಿನ ಪೆರಂಬೂರು ಹೇಗೋ, ಮೀಟರ್ ಗೇಜಿನ ಕೆಲಸಕ್ಕೆ ಹುಬ್ಬಳ್ಳಿ ಹಾಗೆ. ಉಗಿ ಎಂಜಿನ್ನುಗಳ ಯುಗ ಮುಗಿದ ಮೇಲೂ ಕಾರ್ಖಾನೆಯು ನಿಲ್ಲದೆ, ಇಂದು ಪ್ರಯಾಣಿಕರ ಬೋಗಿಗಳ ನಿಯತಕಾಲಿಕ ರಿಪೇರಿಯನ್ನು ಮುಖ್ಯ ಕರ್ತವ್ಯವನ್ನಾಗಿ ಮಾಡಿಕೊಂಡಿದೆ: ನಿಗದಿಯಾದ ಅವಧಿಯು ತುಂಬಿದೊಡನೆ ಬೋಗಿಯು ಒಳಕ್ಕೆ ಬಂದು, ಅದರ ಗಾಲಿ, ಬ್ರೇಕು, ಸ್ಪ್ರಿಂಗು, ಒಳಮೈಯ ಹಲಗೆಗಳೆಲ್ಲ ಬಿಚ್ಚಲ್ಪಟ್ಟು, ಪರೀಕ್ಷಿತವಾಗಿ, ಹೊಸ ಬಣ್ಣವನ್ನು ತಳೆದು ಮರಳಿ ಹಳಿಗೆ ಇಳಿಯುತ್ತದೆ. ಪ್ರಯಾಣಿಕನು ಟಿಕೇಟಿನ ದರವನ್ನು ಕುರಿತು ಗೊಣಗುವಾಗ ಈ ಕೈಗಳ ನೆನಪು ಅವನಿಗೆ ಆಗುವುದಿಲ್ಲ. ಆಗಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಹುಬ್ಬಳ್ಳಿಗೆ ಬಂದರಿನ ಸಂಬಂಧವನ್ನು ಕುದುರಿಸಿದುದು ಲಿಸ್ಬನ್ ನಗರದಲ್ಲಿ ಬರೆಯಲ್ಪಟ್ಟ ಒಂದು ಒಪ್ಪಂದ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ತುಗಲ್ ದೇಶಗಳು ಸಹಿ ಹಾಕಿದ ಆ ಕೌಲಿನ ಪ್ರಕಾರ ಗೋವೆಯ ಮುರಗಾಂವ್ ಬಂದರಿನಿಂದ ಬ್ರಿಟಿಷ್ ಗಡಿಯ ಕ್ಯಾಸಲ್‌ರಾಕ್ ವರೆಗೆ, ಸುಮಾರು 51 ಮೈಲಿಗಳ ದೂರ, ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿಯು ಹಳಿಯನ್ನು ಹಾಕಿತು. 1888ರಲ್ಲಿ ಅದು ಘಟ್ಟದ ಮೇಲೆ ಬಂದು ಸದರನ್ ಮರಾಠಾ ಹಳಿಯನ್ನು ಸೇರಿತು. ಕುಳೆಯಿಂದ ಕ್ಯಾಸಲ್‌ರಾಕ್ ವರೆಗಿನ ಏರು ಈ ದೇಶದ ಪ್ರಯಾಸಕರ ಘಟ್ಟಮಾರ್ಗಗಳಲ್ಲಿ ಗಣ್ಯವಾದುದು: ಮೂವತ್ತೇಳು ಅಡಿ ಮುಂದೆ ಸಾಗುವಷ್ಟರಲ್ಲಿ ಒಂದು ಅಡಿ ಮೇಲೇರಬೇಕಾದ ಕಡಿದಾದ ಇಳಿಜಾರು, ಒಂದರ ಹಿಂದೊಂದು ಸುರಂಗ, ದೂಧಸಾಗರ ಜಲಪಾತದ ಎದೆಯನ್ನೇ ಹಾದುಹೋಗುವ ಸೇತುವೆ. ಈ ಏರಿನಲ್ಲಿ ಒಂದು ಎಂಜಿನ್ನಿನ ಬಲ ಸಾಲದಾಗಿ, ಹಿಂದಿನಿಂದ ನೂಕುವ ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸುವ ಪದ್ಧತಿಯು ಉಗಿಯ ಕಾಲದಿಂದ ಡೀಸೆಲ್ ಕಾಲದ ವರೆಗೂ ನಡೆದು ಬಂದಿತು. ಹುಬ್ಬಳ್ಳಿಯ ಡೀಸೆಲ್ ಷೆಡ್ಡಿಗೆ 1990ರ ದಶಕದ ಕೊನೆಯಿಂದ ಅಮೆರಿಕದ ವಿನ್ಯಾಸದ ಪ್ರಬಲವಾದ ಜನರಲ್ ಮೋಟರ್ಸ್ ಎಂಜಿನ್ನುಗಳು ಬಂದು, ಆ ಬಗೆಯ ಎಂಜಿನ್ನುಗಳ ಪಾಲನೆಯಲ್ಲಿ ಈ ಷೆಡ್ಡು ದೇಶದಲ್ಲಿಯೇ ಹೆಸರುವಾಸಿಯಾಯಿತು. ಘಟ್ಟದ ಈ ಏರನ್ನು ಬಲ್ಲವರಿಗೆ ಅವುಗಳ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಮುರಗಾಂವಿನ ಹಳಿ ಏರಿದಂದೇ ಕುಮಟೆ, ಕಾರವಾರಗಳ ಬಂದರುಗಳ ಭಾಗ್ಯ ಇಳಿಯಿತು. ದಿನಗಟ್ಟಲೆಯ ಬಂಡಿಯ ದಾರಿಗಿಂತ ಪರರಾಜ್ಯದ ಬಂದರಿನ ರೈಲುದಾರಿಯೇ ವರ್ತಕನಿಗೆ ಅಗ್ಗವೂ ಕ್ಷೇಮವೂ ಆಗಿ ಕಂಡಿತು. ಅರಳೆಯ ಬೇಲುಗಳು, ಮುಂದೆ ಸಂಡೂರು-ಹೊಸಪೇಟೆಗಳ ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರು, ಎಲ್ಲವೂ ಹುಬ್ಬಳ್ಳಿಯ ಯಾರ್ಡನ್ನು ಹಾದು ಪಶ್ಚಿಮಕ್ಕೆ ಇಳಿದುವು. 1902ರಲ್ಲಿ ಗೋವೆಯ ಮಾರ್ಗದ ನಿರ್ವಹಣೆಯೂ ಸದರನ್ ಮರಾಠಾ ಕಂಪನಿಗೇ ಬಂದಿತು. ಗೋವೆಯ ವಿಮೋಚನೆಯ ಪ್ರಶ್ನೆಯು ಉಲ್ಬಣಿಸಿದ 1955ರಲ್ಲಿ ಈ ಸಂಚಾರವು ಕಡಿದುಹೋಗಿ, 1961ರ ಡಿಸೆಂಬರಿನಲ್ಲಿ ಗೋವೆಯು ಭಾರತವನ್ನು ಸೇರಿದ ಮೇಲೆಯೇ ಮರಳಿ ಕೂಡಿತು.

ರಾಜಕೀಯ ಗಡಿಗಳ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನನ್ನ ಮಟ್ಟಿಗೆ ಈ ಜಂಕ್ಷನ್ನಿನ ಚರಿತ್ರೆಯಲ್ಲಿ ಅತ್ಯಂತ ರೋಚಕವಾದುದು ಇದೇ. ಸ್ವಾತಂತ್ರ್ಯಕ್ಕೆ ಮುಂಚಿನ ದಿನಗಳಲ್ಲಿ ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ಪ್ರಯಾಣಿಕನು ಗದಗಿನ ವರೆಗೆ ಮುಂಬಯಿ ಪ್ರಾಂತದಲ್ಲಿದ್ದು, ಕೊಪ್ಪಳದಲ್ಲಿ ನಿಜಾಮರ ಸೀಮೆಯನ್ನು ಹೊಕ್ಕು, ತುಂಗಭದ್ರೆಯನ್ನು ದಾಟಿ ಹೊಸಪೇಟೆ-ಬಳ್ಳಾರಿಗಳಿಗೆ ಬರುವಷ್ಟರಲ್ಲಿ ಮದರಾಸು ಪ್ರಾಂತದಲ್ಲಿರುತ್ತಿದ್ದನು. ದಕ್ಷಿಣಕ್ಕೆ ಹೊರಟವನು ರಾಣೆಬೆನ್ನೂರನ್ನು ಬಿಟ್ಟು ಹೊಳೆ ದಾಟಿದೊಡನೆ ಹರಿಹರದಲ್ಲಿ ಮೈಸೂರು ಮಹಾರಾಜರ ಪ್ರಜೆಗಳ ನಡುವೆ ಇಳಿಯುತ್ತಿದ್ದನು. ಪಶ್ಚಿಮಕ್ಕೆ ಹೋದವನ ಗಂಟುಗಳನ್ನು ಗಡಿಯಲ್ಲಿ ಸುಂಕದವರು ಬಿಚ್ಚಿಸಿ ನೋಡುತ್ತಿದ್ದರು. ಆಡಳಿತಗಾರರು ಹಂಚಿಹಾಕಿದ ಕನ್ನಡ ನಾಡನ್ನು ಒಂದೇ ಟಿಕೇಟಿನಲ್ಲಿ ದಾಟಬಹುದಾಗಿದ್ದ ಊರು ಹುಬ್ಬಳ್ಳಿ. ಏಕೀಕರಣದ ಚಳವಳಿಯು ಈ ಊರಿನಲ್ಲಿ ಅಷ್ಟು ಬಲವಾಗಿ ಬೇರೂರಿದುದಕ್ಕೂ, 1953ರಲ್ಲಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸಕ್ಕೆ ಕುಳಿತಾಗ ಜನಸಾಗರವು ಹುಬ್ಬಳ್ಳಿಯ ಬೀದಿಗಳಿಗೆ ಉಕ್ಕಿ ಬಂದುದಕ್ಕೂ ರೈಲೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಬಳ್ಳಾರಿಯವನೂ ಕೊಪ್ಪಳದವನೂ ದಾವಣಗೆರೆಯವನೂ ವಿಜಾಪುರದವನೂ ಒಂದು ರಾತ್ರಿಯ ಪ್ರಯಾಣದಲ್ಲಿ ಬಂದು ಸೇರಬಹುದಾದ ಸ್ಥಳ ಇದಾಗಿದ್ದಿತೆಂಬುದನ್ನು ಮರೆಯುವುದೂ ಸಾಧುವಲ್ಲ.

ಇನ್ನು ಕಚೇರಿಯ ಮಾತು. 1908ರಲ್ಲಿ ಸದರನ್ ಮರಾಠಾ ಕಂಪನಿಯು ಮದರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರನ್ ಮರಾಠಾ ರೈಲ್ವೆ ಎಂಬ ದೊಡ್ಡ ಸಂಸ್ಥೆಯಾಯಿತು, ಮುಖ್ಯ ಕಚೇರಿಯು ಮದರಾಸಿಗೆ ಹೊರಟುಹೋಯಿತು. ಧಾರವಾಡದಲ್ಲಿ ಬರಿದಾಗಿ ಉಳಿದ ಆ ಭವ್ಯ ಕಟ್ಟಡವು 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ಒದಗಿ ಬಂದುದು ನಾಡಿನ ಸುದೈವ. ರೈಲಿನ ಲೆಕ್ಕಪತ್ರಗಳು ಬಿಟ್ಟುಹೋದ ಕೋಣೆಗಳಲ್ಲಿ ಕಾಳಿದಾಸನೂ ಶೇಕ್ಸ್‌ಪಿಯರನೂ ಬಂದು ಕುಳಿತರು. ಆಮೇಲೆ 1944ರಲ್ಲಿ ಕಂಪನಿಯ ಆಡಳಿತವು ಸರ್ಕಾರದ ವಶವಾಗಿ, 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯು ರೂಪುಗೊಂಡಾಗಲೂ ಹುಬ್ಬಳ್ಳಿಯ ಅರ್ಜಿಗಳು ಮದರಾಸಿಗೇ ಹೋಗುತ್ತಿದ್ದುವು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆಯು ಹುಟ್ಟಿ ಹುಬ್ಬಳ್ಳಿಯ ವಿಭಾಗವು ಅದಕ್ಕೆ ಸೇರಿದಾಗ ಅವು ಸಿಕಂದರಾಬಾದಿಗೆ ಹೋಗತೊಡಗಿದುವು. ಕನ್ನಡ ನಾಡಿಗೆ ತನ್ನದೇ ರೈಲ್ವೆ ವಲಯ ಬೇಕೆಂಬ ಕೂಗು ದೀರ್ಘಕಾಲದ್ದು. 1990ರ ದಶಕದಲ್ಲಿ ವಲಯವು ಘೋಷಿತವಾದ ಮೇಲೆ, ಕೇಂದ್ರವು ಬೆಂಗಳೂರಾಗಬೇಕೋ ಹುಬ್ಬಳ್ಳಿಯಾಗಬೇಕೋ ಎಂಬ ವಾದವು ಉಭಯ ಪಕ್ಷಗಳಲ್ಲಿಯೂ ಸಾಕಷ್ಟು ಬಿಸಿಯನ್ನು ಎಬ್ಬಿಸಿತು. ಕೊನೆಗೆ 2003ರ ಏಪ್ರಿಲ್ 1ರಂದು ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳನ್ನು ಒಳಗೊಂಡ ನೈಋತ್ಯ ರೈಲ್ವೆಯು ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಕಾರ್ಯಾರಂಭ ಮಾಡಿತು. ಗದಗ ರಸ್ತೆಯಲ್ಲಿ ನಿಂತಿರುವ ರೈಲ್ ಸೌಧವು, ಧಾರವಾಡವನ್ನು ಬಿಟ್ಟುಹೋದ ಅಧಿಕಾರವು ಸುಮಾರು ಒಂದು ಶತಮಾನವನ್ನು ಪರಸ್ಥಳದಲ್ಲಿ ಕಳೆದು ಹನ್ನೆರಡು ಮೈಲಿಯ ಈಚೆಗೆ ಹಿಂದಿರುಗಿ ಬಂದುದರ ಕುರುಹು. ಕಚೇರಿಯು ಊರೂರು ಅಲೆದ ಆ ಕಾಲವೆಲ್ಲ ಕಾರ್ಖಾನೆಯು ಇದ್ದಲ್ಲಿಯೇ ಇತ್ತು. ಅದು ಇಲ್ಲಿ ಇರದಿದ್ದಲ್ಲಿ ಕಚೇರಿಯನ್ನು ಇಲ್ಲಿಗೆ ಕರೆಯುವ ಹಕ್ಕನ್ನು ಈ ಊರು ಯಾವ ಬಾಯಿಂದ ಮಂಡಿಸಬಹುದಿತ್ತು?

ಗೇಜಿನ ಕಷ್ಟವನ್ನು ಹಳಬರು ಮಾತ್ರ ಬಲ್ಲರು. ಹೊಟಗಿಯಲ್ಲಿ ಬ್ರಾಡ್ ಗೇಜಿನ ಗಾಡಿಯಿಂದ ಇಳಿಸಿದ ಪ್ರತಿಯೊಂದು ಮೂಟೆಯನ್ನೂ ಹಮಾಲರು ಬೆನ್ನ ಮೇಲೆ ಹೊತ್ತು ಮೀಟರ್ ಗೇಜಿನ ಗಾಡಿಗೆ ತುಂಬಬೇಕಾಗಿತ್ತು. ಒಡೆದ ಡಬ್ಬಿ, ಸೋರಿದ ಚೀಲ, ತಪ್ಪಿಹೋದ ಗಂಟುಗಳ ಲೆಕ್ಕ ವರ್ತಕನ ನಷ್ಟದ ಖಾತೆಗೆ ಸೇರುತ್ತಿತ್ತು. ಬೆಂಗಳೂರಿನಿಂದ ಬರುತ್ತಿದ್ದ ಪೂನಾ ಮೇಲಿನಲ್ಲಿ ರಾತ್ರಿಯೆಲ್ಲ ಕಲ್ಲಿದ್ದಲಿನ ಕಿಡಿಯನ್ನು ಕಣ್ಣಿಗೆ ಹಾಕಿಸಿಕೊಂಡು ಬಂದವರು ಆ ಗಾಡಿಯನ್ನು ಇಂದು ಪ್ರೀತಿಯಿಂದ ನೆನೆಯುವರಾದರೂ, ಪುನಃ ಅದರಲ್ಲಿ ಪ್ರಯಾಣ ಮಾಡಲು ಒಪ್ಪುವರೆಂದು ತೋರದು. 1992ರಲ್ಲಿ ದೇಶವೆಲ್ಲ ಒಂದೇ ಗೇಜು ಎಂಬ ನೀತಿಯನ್ನು ರೈಲ್ವೆಯು ಅಂಗೀಕರಿಸಿದ ಬಳಿಕ ಹುಬ್ಬಳ್ಳಿಯ ಹಳಿಗಳು ಆ ದಶಕದಲ್ಲಿ ಒಂದೊಂದಾಗಿ ಅಗಲವಾದುವು; ಗದಗಿನಿಂದ ಹೊಟಗಿಗೆ ಹೋಗುವ ಮೂಲಮಾರ್ಗವು ಮಾತ್ರ ಎಲ್ಲಕ್ಕೂ ಹಿಂದೆ ಉಳಿದು, ಮುಂದಿನ ದಶಕದಲ್ಲಿ ಪೂರ್ಣವಾಯಿತು. ಹಳಿಯು ಒಂದಾದುದರ ಫಲವಾಗಿ ಹುಬ್ಬಳ್ಳಿಯಿಂದ ಮುಂಬಯಿ, ದೆಹಲಿ, ಕಾಶಿಗಳಿಗೆ ಗಾಡಿ ಬದಲಿಸದೆ ಹೋಗುವುದು ಸಾಧ್ಯವಾಯಿತು.

ಈಗಿನ ನಿಲ್ದಾಣದ ಸೌಕರ್ಯಗಳನ್ನು ಒಂದೊಂದಾಗಿ ಎಣಿಸಿ ಹೇಳುವುದು ಇಲ್ಲಿ ಅನಾವಶ್ಯಕ. ನಿರೀಕ್ಷಣಾ ಕೊಠಡಿ, ಲಿಫ್ಟು, ಎಸ್ಕಲೇಟರುಗಳು ದೊಡ್ಡ ನಿಲ್ದಾಣಕ್ಕೆ ಇಂದು ಇರಲೇಬೇಕಾದುವು. ಗಮನಿಸತಕ್ಕದ್ದು ಯಾರ್ಡಿನ ಪುನರ್ವಿನ್ಯಾಸ. ಬೆಂಗಳೂರಿನ ಮಾರ್ಗವು ಜೋಡಿಹಳಿಯಾಗುತ್ತ ಬಂದಂತೆ ಐದು ಪ್ಲಾಟ್‌ಫಾರಂಗಳ ಹಳೆಯ ನಿಲ್ದಾಣವು ಗಾಡಿಗಳ ದಟ್ಟಣೆಗೆ ಸಾಲದೇ ಹೋಗಿ, ಮೂರನ್ನು ಹೊಸದಾಗಿ ಸೇರಿಸಿ, ಇಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ವ್ಯವಸ್ಥೆಯಿಂದ ಸಿಗ್ನಲ್ಲು ಪಾಯಿಂಟುಗಳನ್ನು ಒಂದೇ ಕಡೆಯಿಂದ ನಡೆಸುವಂತೆ ಮಾಡಿದರು. ಆ ಪ್ರಸಿದ್ಧ ಪ್ಲಾಟ್‌ಫಾರಂನ ಉದ್ದಕ್ಕೂ ಇದೇ ಕಾರಣ: ಸುಮಾರು 20 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಬೆಳೆದ ಅದರ ಎರಡು ತುದಿಗಳಲ್ಲಿ ಎರಡು ಗಾಡಿಗಳು ಏಕಕಾಲಕ್ಕೆ ನಿಂತು, ಒಂದು ಒಂದು ದಿಕ್ಕಿಗೂ ಇನ್ನೊಂದು ಇನ್ನೊಂದು ದಿಕ್ಕಿಗೂ ಹೊರಡಬಹುದು. ಹೊಸಪೇಟೆಯಿಂದ ಹುಬ್ಬಳ್ಳಿಯ ಮೇಲೆ ತಿನೈಘಾಟಿನ ವರೆಗಿನ ವಿದ್ಯುದೀಕರಣವೂ ಅದೇ 2023ರ ಮಾರ್ಚ್ 12ರಂದು ರಾಷ್ಟ್ರಕ್ಕೆ ಅರ್ಪಿತವಾಯಿತು. ಅದೇ ವರ್ಷದ ಜೂನ್ 27ರಂದು ಬೆಂಗಳೂರು-ಧಾರವಾಡಗಳ ನಡುವೆ ವಂದೇ ಭಾರತ್ ಗಾಡಿಯು ಓಡತೊಡಗಿತು. ನಿಲ್ದಾಣಕ್ಕೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನಿಟ್ಟುದು ಉಚಿತವಾಗಿದೆ: 1929ರಲ್ಲಿ ಸಿದ್ಧಿಯನ್ನು ಪಡೆದ ಆ ಮಹಾತ್ಮರ ಮಠಕ್ಕೆ ಜಾತಿಮತಗಳ ಭೇದವಿಲ್ಲದೆ ಬರುವ ಭಕ್ತರಲ್ಲಿ ಬಹುಮಂದಿ ತಲೆಮಾರುಗಳಿಂದ ಈ ನಿಲ್ದಾಣದಲ್ಲಿಯೇ ಇಳಿದವರು.

2020ರ ಆಗಸ್ಟ್ ತಿಂಗಳಿನಲ್ಲಿ ಗದಗ ರಸ್ತೆಯ ಬದಿಯ ಪ್ರವೇಶದ್ವಾರದ ಹತ್ತಿರ ತೆರೆದ ರೈಲು ವಸ್ತುಸಂಗ್ರಹಾಲಯವನ್ನು ಸಂದರ್ಶಕರು ತಪ್ಪದೆ ನೋಡತಕ್ಕದ್ದು. ಉತ್ತರ ಕರ್ನಾಟಕದಲ್ಲಿ ಈ ಬಗೆಯದು ಇದೇ ಮೊದಲನೆಯದು. ಮಲಪ್ರಭಾ, ಘಟಪ್ರಭಾ ಎಂದು ನಮ್ಮ ನದಿಗಳ ಹೆಸರನ್ನು ಹೊತ್ತ ಎರಡು ಹಳೆಯ ಕುಟೀರಗಳಲ್ಲಿ ಸಿಗ್ನಲ್ಲಿನ ದೀಪಗಳು, ಗಡಿಯಾರಗಳು, ಟಿಕೇಟು ಅಚ್ಚೊತ್ತುವ ಯಂತ್ರಗಳು ಮೊದಲಾದ ಹಳೆಯ ಕಾಲದ ಉಪಕರಣಗಳು ಕೂಡಿವೆ. ಅಂಗಳದಲ್ಲಿ ಹಳೆಯ ಗಾಡಿಗಳು ನಿಂತಿವೆ. ಮಕ್ಕಳು ಆಟದ ರೈಲಿನ ಕಡೆಗೆ ಓಡುವರು. ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರು ಮೀಟರ್ ಗೇಜಿನ ಬೋಗಿಯ ಮುಂದೆ ನಿಂತು, ಫಲಕದಲ್ಲಿ ಬರೆಯದೆ ಬಿಟ್ಟ ಸಂಗತಿಗಳನ್ನು ಪಕ್ಕದವರಿಗೆ ಹೇಳತೊಡಗುವರು. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಏರ್ಪಾಡೊಂದು ಆ ಸಂಗ್ರಹಾಲಯದಲ್ಲಿ ಆದಷ್ಟು ಬೇಗ ಆಗಬೇಕೆಂಬುದು ನನ್ನ ಸೂಚನೆ.

ಹಿಂದೆ ಹೇಳಿದ ಕಾರವಾರದ ಹಳಿಯ ಮಾತು ಉಳಿದಿದೆ. ಹುಬ್ಬಳ್ಳಿಯಿಂದ ಅಂಕೋಲೆಗೆ, 160 ಕಿಲೋಮೀಟರಿಗೂ ಮಿಗಿಲಾದ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ ದೊರೆತು, ಹುಬ್ಬಳ್ಳಿಯ ಕಡೆಯ ಬಯಲಿನಲ್ಲಿ ಒಂದಿಷ್ಟು ಕೆಲಸವೂ ನಡೆದು, ಘಟ್ಟದ ಕಾಡಿನ ಅಂಚಿನಲ್ಲಿ ಅದು ನಿಂತಿತು. ದಾರಿಯ ಬಹುಭಾಗವು ಪಶ್ಚಿಮ ಘಟ್ಟದ ದಟ್ಟವಾದ ಅರಣ್ಯದಲ್ಲಿ ಹಾಯಬೇಕಾಗಿರುವುದರಿಂದ ವನ್ಯಜೀವಿ ಮಂಡಳಿಗಳೂ ನ್ಯಾಯಾಲಯಗಳೂ ಆ ಪ್ರಶ್ನೆಯನ್ನು ಮತ್ತೆ ಮತ್ತೆ ತೂಗಿ ನೋಡುತ್ತ ಬಂದಿವೆ. ಬಂದರು ಬೇಕೆನ್ನುವ ವರ್ತಕರ ವಾದದಲ್ಲಿ ಹುರುಳಿದೆ. ಒಮ್ಮೆ ಕಡಿದ ಕಾಡು ಮರಳಿ ಬಾರದೆನ್ನುವವರ ವಾದದಲ್ಲಿ ಅದಕ್ಕಿಂತ ಕಡಿಮೆಯಾದ ಹುರುಳೇನೂ ಇಲ್ಲ. ಕಾಡಿಗೆ ಕನಿಷ್ಠ ಹಾನಿಯಾಗುವ ಸುರಂಗಗಳ ದಾರಿಯನ್ನು ಎಂಜಿನಿಯರುಗಳು ಕಂಡುಹಿಡಿದರೆ ಈ ಜಂಕ್ಷನ್ನಿಗೆ ನಾಲ್ಕನೆಯ ದಾರಿಯೊಂದು ಕೂಡುವುದು. ಇಲ್ಲವಾದರೆ ಹುಬ್ಬಳ್ಳಿಯ ಸರಕು ಇನ್ನು ಮುಂದೆಯೂ ಕ್ಯಾಸಲ್‌ರಾಕಿನ ಕಡಿದಾದ ಇಳಿಜಾರಿನಲ್ಲಿಯೇ ಮುರಗಾಂವಿಗೆ ಇಳಿಯುವುದು.